ನ್ಯೂಜೆರ್ಸಿಯ ಹಳೆಯ ಜಾಗಗಳು, ಅವನ್ನು ಉಳಿಸಿಕೊಂಡ ಊರಿನವರು

ಊರಿಂದ ಅಪ್ಪ ಅಮ್ಮ ಬಂದರೆ ನ್ಯೂಜೆರ್ಸಿಯಲ್ಲಿರುವ ನಾವೆಲ್ಲ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ಒಂದು ಶನಿವಾರ ನ್ಯೂಯಾರ್ಕ್, ಇನ್ನೊಂದು ಶನಿವಾರ ಫಿಲಡೆಲ್ಫಿಯಾ, ಮೂರು ದಿನ ರಜೆ ಸಿಕ್ಕಿದರೆ ವಾಷಿಂಗ್ಟನ್ ಅಥವಾ ನಯಾಗರಾ, ನಡುವೆ ಬ್ರಿಡ್ಜ್‌ವಾಟರ್ ದೇವಸ್ಥಾನ, ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ಅಂಗಡಿ ಸುತ್ತಾಟ. ಅಲ್ಲಿಗೆ ಮುಗಿಯಿತು. ನಾವೇ ಇರುವ ರಾಜ್ಯದಲ್ಲಿ ನೋಡುವಂಥದ್ದು ಏನೂ ಇಲ್ಲ ಅನ್ನುವ ಹಾಗೆ ಇದ್ದುಬಿಡುತ್ತೇವೆ. ನನಗೆ ಇದು ನಿಜವಾಗಿ ಬೇಜಾರಿನ ವಿಷಯ, ಅದಕ್ಕೇ ಈ ಪೋಸ್ಟು.

ನ್ಯೂಜೆರ್ಸಿ ನಕ್ಷೆಯಲ್ಲಿ ಸಣ್ಣದು. ಆದರೆ ಇಲ್ಲಿ ಐವತ್ತಕ್ಕೂ ಹೆಚ್ಚು ಜಾಗಗಳಿಗೆ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಅನ್ನುವ ಮನ್ನಣೆ ಇದೆ. ಇಡೀ ಅಮೆರಿಕದಲ್ಲಿ ಇಂಥವು ಸುಮಾರು 2,600 ಮಾತ್ರ. ಇದಕ್ಕಿಂತ ದೊಡ್ಡ ಪಟ್ಟಿ ಇನ್ನೊಂದಿದೆ, ನ್ಯಾಷನಲ್ ರಿಜಿಸ್ಟರ್ ಅಂತ. ಅದರಲ್ಲಿ 90,000ಕ್ಕೂ ಹೆಚ್ಚು ಹೆಸರುಗಳಿವೆ. ಒಂದು ಊರಿಗೋ ಒಂದು ರಾಜ್ಯಕ್ಕೋ ಮುಖ್ಯವಾದ ಕಟ್ಟಡ ಆ ದೊಡ್ಡ ಪಟ್ಟಿಗೆ ಸೇರಬಹುದು. ಲ್ಯಾಂಡ್‌ಮಾರ್ಕ್ ಅನ್ನಿಸಿಕೊಳ್ಳಬೇಕಾದರೆ ಇಡೀ ದೇಶದ ಚರಿತ್ರೆಗೇ ಆ ಜಾಗ ಬೇಕಾದದ್ದು ಅಂತ ತೋರಿಸಬೇಕು. 1960ರಿಂದ ಈ ಮನ್ನಣೆ ಕೊಡುತ್ತಾ ಬಂದಿದ್ದಾರೆ. ಕೇಂದ್ರ ಸರ್ಕಾರದ ಇಂಟೀರಿಯರ್ ಇಲಾಖೆಯ ಮುಖ್ಯಸ್ಥರು ಸಹಿ ಹಾಕುತ್ತಾರೆ, ಒಂದು ಕಂಚಿನ ಫಲಕ ಬರುತ್ತದೆ.

ಸರಿ, ಫಲಕ ಬಂತು, ಇನ್ನು ಆ ಕಟ್ಟಡವನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ ನೀವು ಅಂದುಕೊಳ್ಳಬಹುದು. ನಮ್ಮ ಕಡೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಅಂದರೆ ಸುತ್ತ ನೂರು ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಅನ್ನುವ ಕಾನೂನು ಇದೆಯಲ್ಲ, ಇಲ್ಲಿ ಹಾಗಿಲ್ಲ. ಜಾಗ ಖಾಸಗಿಯವರದಾಗಿದ್ದು, ಕೇಂದ್ರ ಸರ್ಕಾರದ ದುಡ್ಡಾಗಲಿ ಪರವಾನಗಿಯಾಗಲಿ ಆ ಕೆಲಸಕ್ಕೆ ಬೇಕಿಲ್ಲದಿದ್ದರೆ, ಲ್ಯಾಂಡ್‌ಮಾರ್ಕ್ ಅನ್ನುವ ಒಂದೇ ಕಾರಣಕ್ಕೆ ಮಾಲೀಕನನ್ನು ಯಾರೂ ತಡೆಯುವುದಿಲ್ಲ. ಅವನು ತನ್ನ ದುಡ್ಡಿನಲ್ಲಿ ಅದನ್ನು ಬದಲಾಯಿಸಬಹುದು, ಕೆಡವಲೂಬಹುದು. ಊರಿನ ಆಡಳಿತ ತನ್ನದೇ ನಿಯಮ ಮಾಡಿಕೊಂಡಿದ್ದರೆ ಮಾತ್ರ ಬೇರೆ ಮಾತು. ಇದು ಗೊತ್ತಾದ ಮೇಲೆ ನಾನು ಈ ಜಾಗಗಳನ್ನು ನೋಡುವ ರೀತಿಯೇ ಬೇರೆಯಾಯಿತು. ಎಲ್ಲಿ ಹೋದರೂ ಇದು ಯಾಕೆ ದೊಡ್ಡದು ಅನ್ನುವುದಕ್ಕಿಂತ ಮೊದಲು, ಇದನ್ನು ಉಳಿಸಿದ್ದು ಯಾರು ಅಂತ ಕೇಳುತ್ತೇನೆ. ನ್ಯೂಜೆರ್ಸಿಯಲ್ಲಿ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಪಕ್ಕದ ಬೀದಿಯವರು.

ಹೋಲ್ಮ್‌ಡೆಲ್‌ನಿಂದ ಶುರುಮಾಡುತ್ತೇನೆ. ನಾನು ಅನ್ನ ತಿಂದಿದ್ದು ಟೆಲಿಕಾಂ ಕೆಲಸದಿಂದ, ಹಾಗಾಗಿ ಈ ಜಾಗದ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿಯೇ. ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ ಬೀಚಿಗೆ ಹೋಗುವಾಗ ಎಲ್ಲರೂ ದಾಟಿ ಹೋಗುವ ಊರು ಅದು. ಅಲ್ಲಿ ಕ್ರಾಫರ್ಡ್ ಹಿಲ್ ಅನ್ನುವ ಗುಡ್ಡ ಇದೆ. ಮನ್‌ಮತ್ ಕೌಂಟಿಯಲ್ಲಿ ಅದೇ ಎತ್ತರದ ಜಾಗ. ಆ ಗುಡ್ಡದ ಮೇಲೆ 1959ರಲ್ಲಿ ಟೆಲಿಫೋನ್ ಕಂಪನಿ ಎಟಿ ಆ್ಯಂಡ್ ಟಿಯ ಸಂಶೋಧನಾ ಸಂಸ್ಥೆಯಾದ ಬೆಲ್ ಲ್ಯಾಬ್ಸ್‌ನವರು ಒಂದು ಆಂಟೆನಾ ಕಟ್ಟಿದರು. ದುಂಡನೆಯ ಡಿಶ್ ಅಲ್ಲ, ಒಂದು ಕಡೆ ಸಣ್ಣಗೆ ಶುರುವಾಗಿ ಇನ್ನೊಂದು ಕಡೆ ಅಗಲವಾಗಿ ಬಾಯಿ ತೆರೆದುಕೊಂಡಿರುವ ಅಲ್ಯೂಮಿನಿಯಂ ಕೊಂಬು. ಉದ್ದ 50 ಅಡಿ, ಬಾಯಿ 20 ಅಡಿ, ತೂಕ ಸುಮಾರು 18 ಟನ್. ಎಕೋ ಅನ್ನುವ ದೊಡ್ಡ ಬಲೂನನ್ನು ಬಾಹ್ಯಾಕಾಶಕ್ಕೆ ಕಳಿಸಿ, ಅದಕ್ಕೆ ಬಡಿದು ವಾಪಸ್ ಬರುವ ರೇಡಿಯೋ ಅಲೆಗಳನ್ನು ಹಿಡಿಯೋಕೆ ಅಂತ ಅದನ್ನು ಮಾಡಿದ್ದು.

ಆ ಕೆಲಸ ಮುಗಿದ ಮೇಲೆ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅನ್ನುವ ಇಬ್ಬರು ಹುಡುಗ ವಯಸ್ಸಿನ ವಿಜ್ಞಾನಿಗಳು ಅದನ್ನು ಆಕಾಶದ ಅಧ್ಯಯನಕ್ಕೆ ಬಳಸಿಕೊಂಡರು. 1964ರಲ್ಲಿ ಅವರಿಗೆ ಒಂದು ಗೊಂದಲ ಶುರುವಾಯಿತು. ಆಂಟೆನಾ ಯಾವ ಕಡೆ ತಿರುಗಿಸಿದರೂ ಒಂದೇ ಸಮನೆ ಒಂದು ಸಣ್ಣ ಗುಂಯ್ ಅನ್ನುವ ಸದ್ದು. ಹಗಲು ಇರಲಿ ರಾತ್ರಿ ಇರಲಿ, ಚಳಿಗಾಲ ಇರಲಿ ಬೇಸಿಗೆ ಇರಲಿ, ಅಷ್ಟೇ. ನ್ಯೂಯಾರ್ಕ್ ನಗರದ ಗದ್ದಲ ಇರಬಹುದಾ ಅಂತ ಆ ಕಡೆ ತಿರುಗಿಸಿ ನೋಡಿದರು, ಅಲ್ಲ. ಕೊಂಬಿನೊಳಗೆ ಪಾರಿವಾಳಗಳು ಗೂಡು ಕಟ್ಟಿ ಹಿಕ್ಕೆ ಹಾಕಿದ್ದವು, ಅದನ್ನೆಲ್ಲ ತೊಳೆದರು. ಪಾರಿವಾಳಗಳನ್ನು ಬೋನಿನಲ್ಲಿ ಹಿಡಿದು ದೂರ ಕಳಿಸಿದರು, ಅವು ಮತ್ತೆ ಹಾರಿ ಬಂದವು. ಆ ಬೋನು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ! ಇಷ್ಟೆಲ್ಲ ಮಾಡಿದರೂ ಸದ್ದು ಹೋಗಲಿಲ್ಲ. ಕೊನೆಗೆ ಪ್ರಿನ್ಸ್‌ಟನ್‌ನ ರಾಬರ್ಟ್ ಡಿಕ್ ಅವರ ತಂಡದ ಜೊತೆ ಮಾತಾಡಿದಾಗ ವಿಷಯ ಬಗೆಹರಿಯಿತು. ಡಿಕ್ ತಂಡ ಇದೇ ಸದ್ದನ್ನು ಹುಡುಕೋಕೆ ಆಗ ತಾನೇ ಉಪಕರಣ ತಯಾರು ಮಾಡಿಕೊಳ್ಳುತ್ತಿತ್ತು. ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷ ಆದಾಗ ಹೊರಟ ಬೆಳಕು ಅದು. 1,380 ಕೋಟಿ ವರ್ಷದಷ್ಟು ಹಳೆಯ ಬಿಸಿ, ಆರುತ್ತಾ ಆರುತ್ತಾ ಈಗ ಮೈನಸ್ 270 ಡಿಗ್ರಿಗೆ ಬಂದು ನಿಂತಿದೆ. ಬಿಗ್ ಬ್ಯಾಂಗ್ ನಡೆದದ್ದಕ್ಕೆ ಸಿಕ್ಕ ಅತಿ ದೊಡ್ಡ ಸಾಕ್ಷಿ ಅದೇ. 1965ರಲ್ಲಿ ಲೇಖನಗಳು ಬಂದವು, 1978ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅವರಿಗೆ ನೊಬೆಲ್ ಬಂತು, 1989ರಲ್ಲಿ ಆಂಟೆನಾಗೆ ಲ್ಯಾಂಡ್‌ಮಾರ್ಕ್ ಮನ್ನಣೆ ಬಂತು.

ಇನ್ನು ಇದನ್ನು ಯಾರು ಮುಟ್ಟುತ್ತಾರೆ ಅಲ್ವಾ? ಮನುಷ್ಯ ವಿಶ್ವದ ಹುಟ್ಟಿನ ಸುಳಿವು ಹಿಡಿದ ಜಾಗ. ಆದರೆ ಆ ಗುಡ್ಡ ಕಂಪನಿಯ ಆಸ್ತಿ. ಕಂಪನಿ ಕೈ ಬದಲಾಯಿತು, ಸಂಶೋಧನೆ ಅಲ್ಲಿಂದ ಬೇರೆ ಕಡೆ ಹೋಯಿತು, ಗುಡ್ಡ ಮಾರಾಟವಾಯಿತು. 2022ರ ಹೊತ್ತಿಗೆ ಊರಿನ ಆಡಳಿತದ ಮುಂದೆ ಆ ಜಾಗವನ್ನು ಮರುಅಭಿವೃದ್ಧಿ ಪ್ರದೇಶ ಅಂತ ಗುರುತಿಸಬೇಕೇ ಅನ್ನುವ ಚರ್ಚೆ ಬಂತು. ಅಲ್ಲಿ ಮನೆಗಳು ಏಳುತ್ತವೆ, ಆಂಟೆನಾವನ್ನು ಎತ್ತಿ ಬೇರೆ ಎಲ್ಲೋ ಇಡುತ್ತಾರೆ ಅನ್ನುವ ಭಯ ಊರಲ್ಲಿ ಹರಡಿತು. ಆಗ ಎದ್ದು ನಿಂತವರು ಹೋಲ್ಮ್‌ಡೆಲ್‌ನ ಸಾಮಾನ್ಯ ಜನ. ಸಾವಿರಾರು ಸಹಿ ಬಿದ್ದವು, ಸಭೆಗಳಲ್ಲಿ ಜನ ತುಂಬಿದರು, ದೇಶದ ದೊಡ್ಡ ಪತ್ರಿಕೆಗಳೂ ವಿಷಯ ಬರೆದವು. 2023ರಲ್ಲಿ ಊರಿನ ಆಡಳಿತವೇ ಸುಮಾರು 35 ಎಕರೆಯನ್ನು 55 ಲಕ್ಷ ಡಾಲರಿಗೆ ಕೊಂಡುಕೊಳ್ಳುವ ಒಪ್ಪಂದಕ್ಕೆ ಬಂತು. ಈಗ ಅದು ಸಾರ್ವಜನಿಕ ಪಾರ್ಕು, ಹೆಸರು ಡಾಕ್ಟರ್ ರಾಬರ್ಟ್ ವಿಲ್ಸನ್ ಪಾರ್ಕ್. ವಿಲ್ಸನ್ ಅವರು ಹೋಲ್ಮ್‌ಡೆಲ್‌ನಲ್ಲೇ ಬಾಳಿದವರು, ತಾವು ಕೆಲಸ ಮಾಡಿದ ಗುಡ್ಡ ಉಳಿದದ್ದನ್ನು ಅವರು ಕಣ್ಣಾರೆ ನೋಡಿದರು. ಪೆಂಜಿಯಾಸ್ 2024ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಒಪ್ಪಂದ ಆಗಿತ್ತು ಅನ್ನುವುದು ನನಗೆ ಒಂದು ಸಮಾಧಾನ.

ನಮ್ಮವರು ಎಷ್ಟೋ ಜನ ಎಂಬತ್ತು, ತೊಂಬತ್ತರ ದಶಕದಲ್ಲಿ ಬೆಲ್ ಲ್ಯಾಬ್ಸ್, ಎಟಿ ಆ್ಯಂಡ್ ಟಿ ಕೆಲಸಕ್ಕೆ ಅಂತಲೇ ಈ ರಾಜ್ಯಕ್ಕೆ ಬಂದು ನೆಲೆ ನಿಂತವರು. ಅಂಥ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಗುಡ್ಡದ ಕಥೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಈಗ ಸಮುದ್ರದ ಕಡೆ ಬನ್ನಿ. ಅಟ್ಲಾಂಟಿಕ್ ಸಿಟಿಗೆ ಹೋದವರು ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಹತ್ತು ಹದಿನೈದು ನಿಮಿಷ ಹೋದರೆ ಮಾರ್ಗೇಟ್ ಅನ್ನುವ ಊರು ಸಿಗುತ್ತದೆ. ಬೀಚಿನ ಪಕ್ಕದಲ್ಲೇ ಆರು ಮಹಡಿ ಎತ್ತರದ ಒಂದು ಆನೆ ನಿಂತಿದೆ. ಹೆಸರು ಲೂಸಿ. ಮರದಲ್ಲಿ ಕಟ್ಟಿ ಮೇಲೆ ತಗಡು ಹೊದಿಸಿದ ಆನೆ, ಎತ್ತರ 65 ಅಡಿ. ಬೆನ್ನ ಮೇಲೆ ಅಂಬಾರಿ ಕೂಡ ಇದೆ. ದಸರಾ ನೋಡಿ ಬೆಳೆದವರಿಗೆ ಅದನ್ನು ಕಂಡ ತಕ್ಷಣ ಏನನ್ನಿಸುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಒಂದು ವಿಷಯ ಮಾತ್ರ ನಮ್ಮ ಕಡೆಯವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಹೆಸರು ಹೆಣ್ಣಿನದು, ಆದರೆ ಉದ್ದನೆಯ ದಂತ ಇದೆ. ನಮ್ಮ ಕಾಡಿನ ಹೆಣ್ಣಾನೆಗೆ ಅಂಥ ದಂತ ಇರುವುದಿಲ್ಲವಲ್ಲ. ಕಟ್ಟಿದಾಗ ಅದಕ್ಕೆ ಲೂಸಿ ಅನ್ನುವ ಹೆಸರಿರಲಿಲ್ಲ, ಅದು ಬಂದದ್ದು ಆಮೇಲೆ.

1881ರಲ್ಲಿ ಜೇಮ್ಸ್ ಲ್ಯಾಫರ್ಟಿ ಅನ್ನುವವರು ಇದನ್ನು ಕಟ್ಟಿಸಿದ್ದು ಸೈಟ್ ಮಾರೋಕೆ! ಆಗ ಅಲ್ಲಿ ಬರೀ ಮರಳು ದಿಬ್ಬ. ಜನರನ್ನು ಅಲ್ಲಿಯವರೆಗೆ ಕರೆಸಬೇಕು, ಆನೆಯ ಬೆನ್ನ ಮೇಲೆ ಹತ್ತಿಸಿ ಅಲ್ಲಿಂದ ನೋಡಿ ಇದು ನಿಮ್ಮ ಸೈಟು ಅಂತ ತೋರಿಸಬೇಕು, ಅದು ಅವರ ಲೆಕ್ಕ. ಪ್ರಾಣಿಯ ಆಕಾರದ ಕಟ್ಟಡಕ್ಕೆ ಪೇಟೆಂಟ್ ಕೂಡ 1882ರಲ್ಲಿ ತೆಗೆದುಕೊಂಡರು. ಇನ್ನೂ ಎರಡು ಇಂಥ ಆನೆಗಳು ಎದ್ದಿದ್ದವು. ನ್ಯೂಯಾರ್ಕಿನ ಕೋನಿ ಐಲೆಂಡಿನದು 1896ರಲ್ಲಿ ಸುಟ್ಟುಹೋಯಿತು, ಕೇಪ್ ಮೇಯದ್ದನ್ನು 1900ರ ಹೊತ್ತಿಗೆ ಕೆಡವಿದರು. ಉಳಿದದ್ದು ಲೂಸಿ ಒಂದೇ. ಅದರ ಹೊಟ್ಟೆಯಲ್ಲಿ ಒಂದು ಕಾಲಕ್ಕೆ ಹೆಂಡದಂಗಡಿ ಇತ್ತು, ಒಂದು ಬೇಸಿಗೆ ಒಂದು ಸಂಸಾರವೇ ಇತ್ತು.

1960ರ ದಶಕದ ಹೊತ್ತಿಗೆ ಲೂಸಿಯ ತಗಡು ತುಕ್ಕು ಹಿಡಿದು, ಮರ ಲೊಡ್ಡಾಗಿ, ಯಾವಾಗ ಬೀಳುತ್ತದೋ ಅನ್ನುವ ಸ್ಥಿತಿ. ಅದು ನಿಂತಿದ್ದ ಜಾಗ ಮಾರಾಟವಾಯಿತು. ಮೂವತ್ತು ದಿನದೊಳಗೆ ಸಾಗಿಸಿ, ಇಲ್ಲವಾದರೆ ಕೆಡವುತ್ತಾರೆ ಅನ್ನುವ ಗಡುವು ಬಂತು. ಊರಿನವರು ಸೇರಿ ಸೇವ್ ಲೂಸಿ ಕಮಿಟಿ ಅಂತ ಮಾಡಿಕೊಂಡರು. ಮನೆ ಮನೆಗೆ ಹೋಗಿ ಚಂದಾ ಎತ್ತಿದರು. ಯೋಚನೆ ಮಾಡಿ, ಆಗ ಲೂಸಿಗೆ ಯಾವ ಮನ್ನಣೆಯೂ ಇಲ್ಲ, ಹೊರಗಿನವರ ಕಣ್ಣಿಗೆ ಅದೊಂದು ಹಳೆಯ ತಗಡಿನ ಆನೆ ಅಷ್ಟೇ. ಅದಕ್ಕೆ ದುಡ್ಡು ಕೊಡಿ ಅಂತ ಬಾಗಿಲು ತಟ್ಟೋಕೆ ಎಷ್ಟು ಪ್ರೀತಿ ಬೇಕು. 1970ರ ಜುಲೈ 20ರಂದು ಸುಮಾರು 90 ಟನ್ ತೂಕದ ಆನೆಯನ್ನು ಇಡಿಯಾಗಿ ಎತ್ತಿ, ಗಾಲಿ ಮೇಲೆ ಕೂರಿಸಿ, ಸ್ವಲ್ಪ ದೂರದಲ್ಲಿದ್ದ ಊರಿನ ಸ್ವಂತ ಜಾಗಕ್ಕೆ ತಂದು ನಿಲ್ಲಿಸಿದರು. ಲ್ಯಾಂಡ್‌ಮಾರ್ಕ್ ಮನ್ನಣೆ ಬಂದದ್ದು 1976ರಲ್ಲಿ, ಅಂದರೆ ಉಳಿಸಿದ ಮೇಲೆ. ನಾನು ಹೇಳುತ್ತಿರುವುದು ಇದನ್ನೇ.

ಉಪ್ಪು ಗಾಳಿಗೆ ತಗಡು ತಡೆಯುವುದಿಲ್ಲ. ಹಾಗಾಗಿ ಇತ್ತೀಚೆಗೆ ಮತ್ತೆ ಇಪ್ಪತ್ತು ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿ ಮೈಮೇಲಿನ ಲೋಹವನ್ನೆಲ್ಲ ಬದಲಾಯಿಸಿ, 2022ರ ಕೊನೆಯಲ್ಲಿ ಹೊಸ ಮೈಯೊಂದಿಗೆ ಜನರಿಗೆ ತೆರೆದರು. ಮಕ್ಕಳನ್ನು ತಪ್ಪದೇ ಕರೆದುಕೊಂಡು ಹೋಗಿ. ಕಾಲಿನೊಳಗಿನ ಸುರುಳಿ ಮೆಟ್ಟಿಲು ಹತ್ತಿ ಹೊಟ್ಟೆಯೊಳಗೆ ಹೋಗಬೇಕು, ಅಲ್ಲಿಂದ ಮೇಲೆ ಅಂಬಾರಿಗೆ. ಅಲ್ಲಿ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಟ್ಲಾಂಟಿಕ್ ಸಿಟಿಯ ದೊಡ್ಡ ದೊಡ್ಡ ಹೋಟೆಲುಗಳು.

ಪ್ಯಾಟರ್ಸನ್ ವಿಷಯಕ್ಕೆ ಬಂದರೆ, ನಮ್ಮವರು ಆ ಊರಿನ ಹೆಸರು ಕೇಳಿದರೆ ಅಲ್ಲಿಗೆ ಯಾಕೆ ಅನ್ನುತ್ತಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. ಅಮೆರಿಕ ಕೈಗಾರಿಕಾ ದೇಶ ಆದದ್ದರ ಮೊದಲ ಅಧ್ಯಾಯ ಆ ಊರಲ್ಲಿದೆ. ಪಸಾಯಿಕ್ ನದಿ ಅಲ್ಲಿ 77 ಅಡಿ ಕೆಳಗೆ ಧುಮುಕುತ್ತದೆ, ಊರ ನಡುವೆಯೇ. ಮಳೆ ಬಂದ ಮಾರನೇ ದಿನ ಹೋದರೆ ಹನಿ ಬಂದು ಮುಖಕ್ಕೆ ಬಡಿಯುತ್ತದೆ. ದೇಶದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಆ ನೀರಿನ ಶಕ್ತಿ ನೋಡಿ ಇಲ್ಲೊಂದು ಕೈಗಾರಿಕಾ ಪಟ್ಟಣ ಕಟ್ಟಬೇಕು ಅಂದುಕೊಂಡರು. ಇಂಗ್ಲೆಂಡಿನಿಂದ ರಾಜಕೀಯ ಸ್ವಾತಂತ್ರ್ಯ ಬಂದರೆ ಸಾಲದು, ಸಾಮಾನಿಗೂ ಅವರನ್ನು ನಂಬಿಕೊಂಡಿರಬಾರದು ಅನ್ನುವ ವಿಚಾರ. 1791ರಲ್ಲಿ ಅದಕ್ಕೊಂದು ಸಂಸ್ಥೆ ಹುಟ್ಟಿತು. ನದಿಯ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಗಿರಣಿಗಳಿಗೆ ಕೊಟ್ಟರು. ಹತ್ತಿ, ಆಮೇಲೆ ಕೋಲ್ಟ್ ರಿವಾಲ್ವರ್, ರೈಲು ಎಂಜಿನ್, ಕೊನೆಗೆ ರೇಷ್ಮೆ. ಸಿಲ್ಕ್ ಸಿಟಿ ಅನ್ನುವ ಹೆಸರೇ ಬಂತು.

1970ರ ಸುಮಾರಿಗೆ ಈ ಹಳೆಯ ಗಿರಣಿ, ಕಾಲುವೆಗಳ ಮೇಲೆಯೇ ಹೆದ್ದಾರಿ ಹಾಯಿಸುವ ಯೋಜನೆ ಇತ್ತು. ಆಗಿನ ಮೇಯರ್ ಅವರ ಪತ್ನಿ ಮೇರಿ ಎಲೆನ್ ಕ್ರೇಮರ್ ಊರಿನ ಜನರನ್ನು ಸೇರಿಸಿಕೊಂಡು ಅದರ ವಿರುದ್ಧ ಹೊರಟರು. ಹೆದ್ದಾರಿ ಬರಲಿಲ್ಲ. 1976ರಲ್ಲಿ ಅಧ್ಯಕ್ಷ ಫೋರ್ಡ್ ಸ್ವತಃ ಪ್ಯಾಟರ್ಸನ್‌ಗೆ ಬಂದು ಲ್ಯಾಂಡ್‌ಮಾರ್ಕ್ ಅಂತ ಸಾರಿದರು, ಈಗ ಅದು ರಾಷ್ಟ್ರೀಯ ಉದ್ಯಾನವೂ ಹೌದು. ಜಲಪಾತದ ಪಕ್ಕದ ಒಂದು ಪಾರ್ಕಿಗೆ ಮೇರಿ ಎಲೆನ್ ಅವರ ಹೆಸರಿದೆ. ಹೋದಾಗ ಆ ಬೋರ್ಡ್ ಹುಡುಕಿ ಓದಿ.

ಪ್ಯಾಟರ್ಸನ್‌ಗೆ ಅಂಟಿಕೊಂಡೇ ಹೇಲ್ಡನ್ ಅನ್ನುವ ಪುಟ್ಟ ಊರಿದೆ. ಅಲ್ಲಿನ ಬೊಟ್ಟೊ ಮನೆ ನನಗೆ ಇಡೀ ಪಟ್ಟಿಯಲ್ಲೇ ಅತ್ಯಂತ ಇಷ್ಟವಾದದ್ದು. ನೋಡೋಕೆ ಸಾದಾ ಮನೆ. ಇಟಲಿಯಿಂದ ಬಂದ ನೇಕಾರ ಪಿಯೆತ್ರೊ ಬೊಟ್ಟೊ, ಅವರ ಹೆಂಡತಿ ಮರಿಯಾ ದುಡಿದು ಕೂಡಿಟ್ಟ ದುಡ್ಡಲ್ಲಿ 1908ರಲ್ಲಿ ಕಟ್ಟಿಸಿಕೊಂಡದ್ದು. 1913ರಲ್ಲಿ ಪ್ಯಾಟರ್ಸನ್‌ನ ರೇಷ್ಮೆ ಗಿರಣಿಯವರು ಒಬ್ಬ ನೇಕಾರ ಎರಡು ಮಗ್ಗದ ಬದಲು ನಾಲ್ಕು ಮಗ್ಗ ನೋಡಿಕೊಳ್ಳಬೇಕು ಅಂದರು. ಮಗ್ಗದ ಊರಿಂದ ಬಂದವರಿಗೆ ಅದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಇಬ್ಬರಷ್ಟು, ಇನ್ನೊಬ್ಬನಿಗೆ ಕೆಲಸವೇ ಇಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮುಷ್ಕರ ಹೂಡಿದರು. ದಿನಕ್ಕೆ ಎಂಟು ಗಂಟೆ ಕೆಲಸ ಅನ್ನುವುದೂ ಅವರ ಬೇಡಿಕೆ. ನಾವು ಈಗ ಹುಟ್ಟಿನಿಂದ ಬಂದ ಹಕ್ಕು ಅನ್ನುವ ಹಾಗೆ ಅನುಭವಿಸುತ್ತಿರುವುದು ಅದನ್ನೇ.

ಪ್ಯಾಟರ್ಸನ್‌ನಲ್ಲಿ ಸಭೆ ಸೇರೋಕೆ ಬಿಡಲಿಲ್ಲ, ಕಂಡವರನ್ನು ಹಿಡಿದು ಒಳಗೆ ಹಾಕಿದರು. ಪಕ್ಕದ ಹೇಲ್ಡನ್‌ನಲ್ಲಿ ಆಗ ಸಮಾಜವಾದಿ ಮೇಯರ್ ಇದ್ದರು, ಅವರು ಬನ್ನಿ ಅಂದರು. ಬೊಟ್ಟೊ ದಂಪತಿ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಭಾನುವಾರ ಭಾನುವಾರ ಸಾವಿರಗಟ್ಟಲೆ ಜನ ಆ ಮನೆ ಮುಂದಿನ ಬಯಲಲ್ಲಿ ನೆರೆಯುತ್ತಿದ್ದರು, ಒಮ್ಮೊಮ್ಮೆ 20,000ದವರೆಗೆ. ಎಲಿಜಬೆತ್ ಗರ್ಲಿ ಫ್ಲಿನ್, ಬಿಗ್ ಬಿಲ್ ಹೇವುಡ್ ಅಂಥ ಕಾರ್ಮಿಕ ನಾಯಕರು ಎರಡನೇ ಮಹಡಿಯ ಬಾಲ್ಕನಿಯಿಂದ ಮಾತಾಡುತ್ತಿದ್ದರು. ಬಂದವರಿಗೆಲ್ಲ ಒಳಗೆ ಅಡುಗೆ ಮಾಡುತ್ತಿದ್ದವರು ಮರಿಯಾ. ಐದು ತಿಂಗಳ ಮೇಲೆ ಮುಷ್ಕರ ಸೋತಿತು. ಹೊಟ್ಟೆ ಕಾಯಲಿಲ್ಲ, ಜನ ಒಬ್ಬೊಬ್ಬರೇ ಗಿರಣಿಗೆ ವಾಪಸ್ ಹೋದರು. ಸೋತ ಹೋರಾಟದ ಮನೆಗೂ ಒಂದು ದೇಶ ಇದು ನಮ್ಮ ಚರಿತ್ರೆ ಅಂತ ಮನ್ನಣೆ ಕೊಟ್ಟಿದೆಯಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ. ಈಗ ಅಲ್ಲಿ ಅಮೆರಿಕನ್ ಲೇಬರ್ ಮ್ಯೂಸಿಯಂ ಇದೆ. ಆ ಅಡುಗೆಮನೆ ನೋಡಿ, ಬಾಲ್ಕನಿ ನೋಡಿ.

ಮಕ್ಕಳಿಗೆ ಡೈನೋಸಾರ್ ಹುಚ್ಚಿದ್ದರೆ ದಕ್ಷಿಣಕ್ಕೆ, ಫಿಲಡೆಲ್ಫಿಯಾ ಹತ್ತಿರದ ಹ್ಯಾಡನ್‌ಫೀಲ್ಡ್‌ಗೆ ಹೋಗಬೇಕು. ಅಲ್ಲಿ ಒಂದು ಕಣಿವೆ ಇದೆ, ಅಷ್ಟೇ, ಮರ, ಕೆಸರು, ಒಂದು ಸಣ್ಣ ತೊರೆ. 1838ರ ಸುಮಾರಿಗೆ ಒಬ್ಬ ರೈತ ಹೊಲಕ್ಕೆ ಗೊಬ್ಬರವಾಗಿ ಹಾಕುವ ಮಣ್ಣು ಅಗೆಯುವಾಗ ದೊಡ್ಡ ದೊಡ್ಡ ಮೂಳೆಗಳು ಸಿಕ್ಕವು. ಮನೆಗೆ ಬಂದ ನೆಂಟರು ಇಷ್ಟರು ಒಂದೊಂದು ಎತ್ತಿಕೊಂಡು ಹೋದರು. ಇಪ್ಪತ್ತು ವರ್ಷ ಕಳೆದ ಮೇಲೆ, 1858ರಲ್ಲಿ, ವಿಲಿಯಂ ಪಾರ್ಕರ್ ಫೌಕ್ ಅನ್ನುವವರ ಕಿವಿಗೆ ಈ ಕಥೆ ಬಿತ್ತು. ಅವರು ಮತ್ತೆ ಅಗೆಸಿದರು. ಫಿಲಡೆಲ್ಫಿಯಾದ ಜೋಸೆಫ್ ಲೈಡಿ ಮೂಳೆಗಳನ್ನು ಪರೀಕ್ಷೆ ಮಾಡಿ ಹ್ಯಾಡ್ರೊಸಾರಸ್ ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಜಗತ್ತಿನಲ್ಲಿ ಎಲ್ಲೂ ಒಂದು ಡೈನೋಸಾರ್‌ನ ಇಷ್ಟು ಮೂಳೆ ಒಟ್ಟಿಗೆ ಸಿಕ್ಕಿರಲಿಲ್ಲ. ಮುಂಗಾಲು ಚಿಕ್ಕದು, ಹಿಂಗಾಲು ದೊಡ್ಡದು, ಹಾಗಾದರೆ ಇದು ಎರಡು ಕಾಲ ಮೇಲೆ ನಿಲ್ಲುತ್ತಿತ್ತು ಅಂತ ಮೊದಲ ಸಲ ಗೊತ್ತಾಯಿತು. ಅದಕ್ಕೂ ಮುಂಚೆ ಡೈನೋಸಾರ್ ಅಂದರೆ ನಾಲ್ಕು ಕಾಲಿನ ದೊಡ್ಡ ಹಲ್ಲಿ ಅಂದುಕೊಂಡಿದ್ದರು. 1868ರಲ್ಲಿ ಫಿಲಡೆಲ್ಫಿಯಾದಲ್ಲಿ ಅದರ ಅಸ್ಥಿಪಂಜರ ಜೋಡಿಸಿ ನಿಲ್ಲಿಸಿದರು, ಜಗತ್ತಿನಲ್ಲೇ ಮೊದಲ ಸಲ.

ಇಷ್ಟಾದರೂ ಮೂಳೆ ಸಿಕ್ಕ ಆ ಕಣಿವೆಯನ್ನು ಜನ ಮರೆತೇಬಿಟ್ಟಿದ್ದರು. 1984ರಲ್ಲಿ ಒಬ್ಬ ಸ್ಕೌಟ್ ಹುಡುಗ ಸ್ಕೌಟಿನ ಅತಿ ದೊಡ್ಡ ದರ್ಜೆಯಾದ ಈಗಲ್ ಸ್ಕೌಟ್ ಪಡೆಯೋಕೆ ಮಾಡಬೇಕಾದ ಕೆಲಸಕ್ಕೆ ಅಂತ ಆ ಜಾಗ ಸರಿಯಾಗಿ ಗುರುತಿಸಿ, ಒಂದು ಕಲ್ಲು, ಫಲಕ ಹಾಕಿಸಿದ. ಆಮೇಲೆ ಶಾಲಾ ಮಕ್ಕಳು ಪಟ್ಟು ಹಿಡಿದು ಓಡಾಡಿದ್ದರಿಂದ 1991ರಲ್ಲಿ ಹ್ಯಾಡ್ರೊಸಾರಸ್ ನ್ಯೂಜೆರ್ಸಿಯ ರಾಜ್ಯ ಡೈನೋಸಾರ್ ಆಯಿತು. 1994ರಲ್ಲಿ ಲ್ಯಾಂಡ್‌ಮಾರ್ಕ್. ದೊಡ್ಡ ದೊಡ್ಡ ವಿದ್ವಾಂಸರು ಬಿಟ್ಟುಬಿಟ್ಟಿದ್ದ ಜಾಗವನ್ನು ಹುಡುಗರು ಎತ್ತಿ ಹಿಡಿದರು. ಪೇಟೆಯ ನಡುವೆ 2003ರಲ್ಲಿ ನಿಲ್ಲಿಸಿದ ಕಂಚಿನ ಹ್ಯಾಡ್ರೊಸಾರಸ್ ಇದೆ, ಫೋಟೋ ಅಲ್ಲಿ ತೆಗೆಸಿಕೊಳ್ಳಿ. ಕಣಿವೆಯಲ್ಲಿ ನೋಡೋಕೆ ಏನೂ ಸಿಗುವುದಿಲ್ಲ, ಆದರೂ ಅಲ್ಲಿಗೂ ಇಳಿದು ಬನ್ನಿ.

ಇನ್ನೆರಡು ಮನೆಗಳನ್ನು ಬಿಡೋಕೆ ಮನಸ್ಸಿಲ್ಲ. ಮೌಂಟ್ ಲಾರೆಲ್‌ನಲ್ಲಿರುವ ಪಾಲ್ಸ್‌ಡೇಲ್, ಆಲಿಸ್ ಪಾಲ್ 1885ರಲ್ಲಿ ಹುಟ್ಟಿದ ತೋಟದ ಮನೆ. ಹೆಂಗಸರಿಗೆ ಓಟಿನ ಹಕ್ಕು ಬೇಕು ಅಂತ 1917ರಲ್ಲಿ ಶ್ವೇತಭವನದ ಮುಂದೆ ಹೆಂಗಸರನ್ನು ಸಾಲು ನಿಲ್ಲಿಸಿ, ಜೈಲಿಗೆ ಹೋಗಿ, ಅಲ್ಲಿ ಉಪವಾಸ ಕೂತು, ಬಲವಂತವಾಗಿ ಗಂಟಲಿಗೆ ಕೊಳವೆ ತುರುಕಿಸಿಕೊಂಡವರು ಆಕೆ. 1920ರಲ್ಲಿ ಹಕ್ಕು ಬಂತು. ಅವರ ಹೆಸರಲ್ಲಿ 1984ರಲ್ಲಿ ಶುರುವಾದ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ದುಡ್ಡು ಹೊಂದಿಸಿ 1990ರಲ್ಲಿ ಆ ಮನೆ ಕೊಂಡಿತು, ಮರುವರ್ಷ ಲ್ಯಾಂಡ್‌ಮಾರ್ಕ್ ಆಯಿತು. ಈಗ ಅಲ್ಲಿ ಹೆಣ್ಣುಮಕ್ಕಳಿಗೆ ನಾಯಕತ್ವದ ತರಬೇತಿ ನಡೆಯುತ್ತದೆ.

ಇನ್ನೊಂದು ರೆಡ್ ಬ್ಯಾಂಕ್‌ನ ಟಿ. ಥಾಮಸ್ ಫಾರ್ಚ್ಯೂನ್ ಮನೆ. 1856ರಲ್ಲಿ ಫ್ಲಾರಿಡಾದಲ್ಲಿ ಗುಲಾಮರಾಗಿ ಹುಟ್ಟಿ, ಮುಂದೆ ನ್ಯೂಯಾರ್ಕ್ ಏಜ್ ಅನ್ನುವ ಪತ್ರಿಕೆ ನಡೆಸಿ, ಕಪ್ಪು ಜನರ ಹಕ್ಕಿಗಾಗಿ ದೇಶಮಟ್ಟದ ಸಂಘಟನೆ ಕಟ್ಟಿದವರು ಫಾರ್ಚ್ಯೂನ್. 1901ರಲ್ಲಿ ಈ ಮನೆಗೆ ಬಂದರು. 1976ರಲ್ಲೇ ಲ್ಯಾಂಡ್‌ಮಾರ್ಕ್ ಮನ್ನಣೆ ಸಿಕ್ಕಿತ್ತು. ಸಿಕ್ಕಿ ಏನಾಯಿತು? ಮನೆ ಖಾಲಿ ಬಿದ್ದು, ಮಾಡು ಸೋರಿ, ಕಿಟಕಿ ಒಡೆದು, ಇನ್ನೇನು ಕೆಡವುತ್ತಾರೆ ಅನ್ನುವ ಹಂತಕ್ಕೆ ಬಂತು. ಊರಿನ ಕೆಲವರು ವರ್ಷಗಟ್ಟಲೆ ಬಿಡದೆ ಹಿಡಿದುಕೊಂಡರು. ಕೊನೆಗೆ ಒಬ್ಬ ಬಿಲ್ಡರ್ ಜೊತೆ ಮಾತಾಯಿತು, ಹಿಂದಿನ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಕೊಳ್ಳಲಿ, ಬದಲಿಗೆ ಮನೆಯನ್ನು ಮೊದಲಿನ ಹಾಗೆ ಸರಿಮಾಡಿಕೊಡಲಿ ಅಂತ. 2019ರಲ್ಲಿ ಅದು ಸಾಂಸ್ಕೃತಿಕ ಕೇಂದ್ರವಾಗಿ ಬಾಗಿಲು ತೆರೆಯಿತು. ಅಪಾರ್ಟ್‌ಮೆಂಟ್ ಬಂತಲ್ಲ ಅಂತ ಬೇಸರ ಮಾಡಿಕೊಂಡವರೂ ಇದ್ದಾರೆ. ನನ್ನ ಪ್ರಕಾರ ಅದು ಒಳ್ಳೆಯ ಒಪ್ಪಂದ, ಮನೆಯೇ ಇಲ್ಲದ ಖಾಲಿ ಸೈಟಿಗಿಂತ ಸಾವಿರ ಪಾಲು ವಾಸಿ.

ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್ ಮನೆ ಎಲ್ಲಿ ಅಂತ ಬಹಳ ಜನ ಕೇಳುತ್ತಾರೆ. 112, ಮರ್ಸರ್ ಸ್ಟ್ರೀಟ್. 1935ರಿಂದ 1955ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿದ್ದರು. ಲ್ಯಾಂಡ್‌ಮಾರ್ಕ್ ಹೌದು, ಆದರೆ ಒಳಗೆ ಬಿಡುವುದಿಲ್ಲ. ತನ್ನ ಮನೆಯನ್ನು ಜನ ಬಂದು ಕೈಮುಗಿಯುವ ಜಾಗ ಮಾಡಬೇಡಿ ಅಂತ ಅವರೇ ಹೇಳಿದ್ದರು, ಅದನ್ನು ಇವತ್ತಿಗೂ ಪಾಲಿಸುತ್ತಿದ್ದಾರೆ. ಆಮೇಲೆ ಅದರಲ್ಲಿ ವಾಸ ಮಾಡಿದವರಲ್ಲಿ ನೊಬೆಲ್ ಪಡೆದ ಫ್ರ್ಯಾಂಕ್ ವಿಲ್ಚೆಕ್ ಕೂಡ ಒಬ್ಬರು. ದಯವಿಟ್ಟು ಗೇಟ್ ಒಳಗೆ ಹೋಗಬೇಡಿ, ಬಾಗಿಲು ತಟ್ಟಬೇಡಿ, ಎದುರಿನ ಫುಟ್‌ಪಾತಿನಿಂದ ನೋಡಿಕೊಂಡು ಮುಂದೆ ನಡೆಯಿರಿ.

ಹಿಂಡನ್‌ಬರ್ಗ್ ಅನ್ನುವ ಜರ್ಮನ್ ವಾಯುನೌಕೆ 1937ರಲ್ಲಿ ಸುಟ್ಟುಬಿದ್ದ ಲೇಕ್‌ಹರ್ಸ್ಟ್‌ನ ಹ್ಯಾಂಗರ್, ಅಂದರೆ ಅಂಥ ನೌಕೆಗಳನ್ನು ನಿಲ್ಲಿಸುವ ದೊಡ್ಡ ಶೆಡ್ಡು, ಕೂಡ ಪಟ್ಟಿಯಲ್ಲಿದೆ, ಆದರೆ ಅದು ಸೇನೆಯ ನೆಲೆಯೊಳಗಿದೆ, ಮುಂಚಿತವಾಗಿ ಹೆಸರು ಕೊಟ್ಟೇ ಹೋಗಬೇಕು. ಮಾರಿಸ್‌ಟೌನ್‌ನ ಸ್ಪೀಡ್‌ವೆಲ್‌ನಲ್ಲಿ 1838ರಲ್ಲಿ ಮೋರ್ಸ್ ಮತ್ತು ಆಲ್ಫ್ರೆಡ್ ವೇಲ್ ಟೆಲಿಗ್ರಾಫ್ ಓಡಿಸಿ ತೋರಿಸಿದ ಕಟ್ಟಡ ಇದೆ, ಅದಕ್ಕೆ ಬೇರೆ ಪೋಸ್ಟೇ ಬೇಕು.

ಈಗ ನನಗೆ ಚಿಂತೆ ಇರುವುದು ಸ್ಯಾಂಡಿ ಹುಕ್ ಬಗ್ಗೆ. ಬೇಸಿಗೆಯಲ್ಲಿ ನಾವೆಲ್ಲ ಚಿತ್ರಾನ್ನ ಕಟ್ಟಿಕೊಂಡು ಹೋಗುವ ಅದೇ ಬೀಚು. ಅಲ್ಲಿನ ಲೈಟ್‌ಹೌಸ್ 1764ರದು, ಅಂದರೆ ಅಮೆರಿಕ ಅನ್ನುವ ದೇಶಕ್ಕಿಂತ ಹಳೆಯದು, ಇವತ್ತಿಗೂ ಉರಿಯುತ್ತಿದೆ. ಕಟ್ಟಿದಾಗ ನೆಲದ ತುದಿಯಿಂದ 500 ಅಡಿ ದೂರ ಇತ್ತು, ಸಮುದ್ರ ಮರಳು ತಂದು ಹಾಕಿ ಹಾಕಿ ಈಗ ಒಂದೂವರೆ ಮೈಲಿ ಒಳಗಾಗಿದೆ. ಅದು ಗಟ್ಟಿಯಾಗಿದೆ. ಆದರೆ ಅದರ ಸುತ್ತ ಇರುವ ಫೋರ್ಟ್ ಹ್ಯಾನ್‌ಕಾಕ್ ನೋಡಿ. ನ್ಯೂಯಾರ್ಕ್ ಬಂದರನ್ನು ಕಾಯೋಕೆ ಇದ್ದ ಸೇನಾ ನೆಲೆ. ಕೊಲ್ಲಿಗೆ ಮುಖ ಮಾಡಿ ಅಧಿಕಾರಿಗಳ ಹಳದಿ ಇಟ್ಟಿಗೆಯ ಮನೆಗಳು ಸಾಲಾಗಿ ನಿಂತಿವೆ. 1974ರಲ್ಲಿ ಸೇನೆ ಬಿಟ್ಟುಹೋದ ಮೇಲೆ ಎಷ್ಟೋ ಮನೆಗಳ ವರಾಂಡ ಕುಸಿದಿದೆ, ಮಾಡಿನಲ್ಲಿ ತೂತು ಬಿದ್ದಿದೆ. ಇದೂ ಲ್ಯಾಂಡ್‌ಮಾರ್ಕೇ, ಅದೂ ಸರ್ಕಾರದ್ದೇ ಆಸ್ತಿ, ಆದರೂ ಅದನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಪಾರ್ಕ್ ಸರ್ವಿಸ್ ಹತ್ತಿರ ಎಲ್ಲದಕ್ಕೂ ಸಾಲುವಷ್ಟು ದುಡ್ಡಿಲ್ಲ. ಹಾಗಾಗಿ ಯಾರು ರಿಪೇರಿ ಮಾಡಿಸಿಕೊಳ್ಳುತ್ತಾರೋ ಅವರಿಗೆ ದೀರ್ಘಕಾಲದ ಲೀಸಿಗೆ ಕೊಡುತ್ತಿದ್ದಾರೆ. ಕೆಲವು ಮನೆಗಳು ಹಾಗೆ ಎದ್ದು ನಿಂತಿವೆ, ಬಣ್ಣ ಬಳಿದುಕೊಂಡು, ಕಿಟಕಿ ಹಾಕಿಸಿಕೊಂಡು. ಉಳಿದವು ಇನ್ನೂ ಕಾಯುತ್ತಿವೆ.

ಮುಂದಿನ ಸಲ ಅಲ್ಲಿಗೆ ಹೋದಾಗ ಬೀಚಿನಲ್ಲೇ ಕಾರು ತಿರುಗಿಸಬೇಡಿ, ಇನ್ನೂ ಸ್ವಲ್ಪ ಮುಂದೆ ಹೋಗಿ ಆ ಸಾಲಿನ ಮುಂದೆ ಒಂದು ಸುತ್ತು ನಡೆಯಿರಿ. ಲೈಟ್‌ಹೌಸ್ ನೋಡಿಕೊಳ್ಳುವ ಸ್ವಯಂಸೇವಕರು ಸಿಕ್ಕಿದರೆ ಮಾತಾಡಿಸಿ, ಬೇಕಾದಷ್ಟು ಹೇಳುತ್ತಾರೆ. ಲೂಸಿ, ಬೊಟ್ಟೊ ಮನೆ, ಪಾಲ್ಸ್‌ಡೇಲ್‌ಗೆ ಹೋಗುವವರು ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ, ಎಲ್ಲ ದಿನವೂ ತೆರೆದಿರುವುದಿಲ್ಲ. ಟಿಕೆಟ್ ಇದ್ದರೆ ಟಿಕೆಟ್ ತಗೊಳ್ಳಿ, ಡಬ್ಬಿ ಇಟ್ಟಿದ್ದರೆ ಒಂದಿಷ್ಟು ಹಾಕಿ. ಮುಂದಿನ ಮಳೆಗಾಲದ ಮಾಡು ರಿಪೇರಿ ಆ ದುಡ್ಡಿನಿಂದಲೇ ಆಗಬೇಕು.